ಊಟದ ಹೊತ್ತಿನ ಮಾತು

ಅಪ್ಪ ಮಾತಾಡುತ್ತಿದ್ದುದು ಊಟದ ಹೊತ್ತಿನಲ್ಲಿ ಮಾತ್ರ. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಕಾಲದ ಅಭ್ಯಾಸವೋ ಏನೋ, ಉಳಿದ ಹೊತ್ತೆಲ್ಲ ಗೋಡೆಯೊಳಗಿನ ಸದ್ದಿಗೆ ಕಿವಿಗೊಟ್ಟವನಂತೆ ಸುಮ್ಮನೆ ಕೂತಿರುತ್ತಿದ್ದ. ಮಗಳು ಬಟ್ಟೆ ಕಾರ್ಖಾನೆಯಿಂದ ಬಂದು ತಟ್ಟೆ ಇಟ್ಟಳೋ, ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಬೆಕ್ಕಿನ ಬುಟ್ಟಿಯ ಸಮೇತ ಲಿಫ್ಟಿನಲ್ಲಿ ಸಿಕ್ಕಿಬಿದ್ದ ನ್ಯಾಯಾಧೀಶ, ಮಾತು ಬಿಟ್ಟು ವರ್ಷಗಳಾದ ಅಣ್ಣತಮ್ಮಂದಿರು, ಎಂಟನೇ ಮಹಡಿಯ ಮದುವಣಗಿತ್ತಿ. ತಟ್ಟೆಯ ಮುಂದೆ ಕೈ ಒಣಗಿಹೋದರೂ ಕಥೆ ಮುಗಿಯುತ್ತಿರಲಿಲ್ಲ.

ಅಮ್ಮ ಇದ್ದಾಗ ಬೇಕೆಂದೇ ಕೆಣಕುತ್ತಿದ್ದಳು. "ಆರನೇ ಮಹಡಿ ಅಲ್ವಾ?"

"ಎಂಟು ಕಣೇ, ಎಂಟು! ಮೆಟ್ಟಿಲು ಹತ್ತಿದೋನು ನಾನೋ ನೀನೋ?"

ಅಮ್ಮ ಹೋದ ಮೇಲೆ ಕೆಣಕುವವರಿಲ್ಲದೆ ಕಥೆಗಳು ಇನ್ನಷ್ಟು ಉದ್ದವಾದವು. ಮಗಳು ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಿದ್ದಳು.

ಅವಳ ಹೊಟ್ಟೆಯುಬ್ಬರ ಶುರುವಾದದ್ದು ಆಮೇಲೆ. ಬೆಳಿಗ್ಗೆ ಸರಿಯಾಗಿರುತ್ತಿದ್ದ ಹೊಟ್ಟೆ ಸಂಜೆಗೆ ಗಾಳಿ ತುಂಬಿದ ಚೆಂಡಿನಂತೆ ಬಿಗಿಯುತ್ತಿತ್ತು. ಬಟ್ಟೆ ಕತ್ತರಿಸುವ ಮೇಜಿಗೆ ಬಗ್ಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅಳತೆಯ ಟೇಪು ದಿನವಿಡೀ ಕೊರಳಲ್ಲೇ ಇದ್ದರೂ ಅದನ್ನು ತನ್ನ ಸೊಂಟಕ್ಕೆ ಸುತ್ತಿ ನೋಡುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

"ಏನೇ, ನಮಗೆ ಊಟ ಹಾಕ್ಸದೇನೆ ಮದುವೆ ಆಗ್ಬಿಟ್ಯಾ?" ಎಂದಳು ಪಕ್ಕದ ಮೇಜಿನವಳು. ಸಾಲಿಗೆ ಸಾಲೇ ನಕ್ಕಿತು. ಅವಳೂ ನಕ್ಕಳು. ಆಮೇಲೆ ಶೌಚಾಲಯಕ್ಕೆ ಹೋಗಿ ಸೊಂಟದ ಹುಕ್ಕು ಬಿಚ್ಚಿ, ತಣ್ಣನೆಯ ಗೋಡೆಗೆ ಹಣೆಯಿಟ್ಟು ನಿಂತಳು.

ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. "ಇದಕ್ಕೆ ಐಬಿಎಸ್ ಅಂತಾರೆ" ಎಂದರು ಡಾಕ್ಟರಮ್ಮ. "ಕರುಳು ಕೆಟ್ಟಿಲ್ಲ, ಮುನಿಸ್ಕೊಂಡಿದೆ. ಯಾವುದಕ್ಕೆ ಮುನಿಸು ಅಂತ ನಾವೇ ಹುಡುಕ್ಬೇಕು." ಈರುಳ್ಳಿ, ಬೆಳ್ಳುಳ್ಳಿ, ಕೋಸು, ಕಾಳು, ಸೇಬು, ಹಾಲು, ಸೋಡಾ, ಇವುಗಳಲ್ಲಿ ಯಾವುದಾದರೂ ಇರಬಹುದು. ಚೂಯಿಂಗ್ ಗಮ್ ಅಗಿಯುವುದು, ಗಬಗಬನೆ ತಿನ್ನುವುದು, ತಿನ್ನುತ್ತಾ ಮಾತಾಡಿ ಗಾಳಿ ನುಂಗುವುದೂ ಇರಬಹುದು. "ಒಂದೊಂದಾಗಿ ಬಿಟ್ಟು ನೋಡಿ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಮೇಜಿಗೆ ಮರಳದಿದ್ದರೆ ಮೇಲ್ವಿಚಾರಕ ಸುಮ್ಮನಿರುವುದಿಲ್ಲ. ಹಾಗಾಗಿ ಗಬಗಬ ತಿನ್ನುವುದು ತಪ್ಪದು. ಕ್ಯಾಂಟೀನಿನವರು ಈರುಳ್ಳಿ ಹಾಕದ ಪದಾರ್ಥವಿಲ್ಲ. ಹಾಲು ಹಾಕಿದ ಚಹಾ ಇಲ್ಲದಿದ್ದರೆ ತಲೆ ಸಿಡಿಯುತ್ತದೆ, ಗಮ್ ಇಲ್ಲದಿದ್ದರೆ ತೂಕಡಿಕೆ. ಕೊನೆಗೆ ಉಳಿದದ್ದು ಅಪ್ಪನ ಮಾತು. ತನ್ನ ಕೈಲಿ ಬಿಡಲಾಗದ್ದನ್ನೆಲ್ಲ ಇಟ್ಟುಕೊಂಡು, ಅಪ್ಪನಿಂದ ಬಿಡಿಸಬಹುದಾದ್ದನ್ನು ಬಿಡಿಸಿದಳು.

"ಅಪ್ಪ, ಊಟ ಮಾಡುವಾಗ ಮಾತು ಬೇಡಪ್ಪ. ಹೊಟ್ಟೆಗೆ ಗಾಳಿ ಹೋಗುತ್ತಂತೆ."

ತುತ್ತು ಹಿಡಿದ ಅಪ್ಪನ ಕೈ ಅಲ್ಲೇ ನಿಂತಿತು. "ಮಾತಾಡೋದು ನಾನು, ಗಾಳಿ ಹೋಗೋದು ನಿನ್ ಹೊಟ್ಟೆಗಾ?"

"ನಗು ಬರುತ್ತಲ್ಲ ನಂಗೆ."

"ಓ. ಸರಿ ಬಿಡು ಪುಟ್ಟಿ, ಬಾಯಿಗೆ ಬೀಗ ಹಾಕ್ದೆ."

ಮೊದಮೊದಲು ಬೀಗ ಜಾರುತ್ತಿತ್ತು. "ಒಂದ್ಸಲ ಏನಾಯ್ತು ಅಂದ್ರೆ..." ಎಂದವನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅವಳು ತುಟಿಯ ಮೇಲೆ ಬೆರಳಿಡುತ್ತಿದ್ದಳು. ಊಟವಾದ ಮೇಲೆ ಹೇಳು ಎಂದರೆ, "ಕೈ ತೊಳೆದ್ಮೇಲೆ ಬರಲ್ಲ ಕಣೇ" ಎನ್ನುತ್ತಿದ್ದ. ಅವಳಿಗೂ ಅಷ್ಟು ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಬರಬರುತ್ತಾ ಬೀಗ ಜಾರುವುದು ನಿಂತಿತು. ತಟ್ಟೆಗೆ ಸೌಟು ತಾಗಿದರೂ ಮನೆಯೆಲ್ಲ ಕೇಳುವಷ್ಟು ಮೌನ. ಹೊಟ್ಟೆ ಮಾತ್ರ ಎಂದಿನಂತೆ ಸಂಜೆಯಾದರೆ ಉಬ್ಬುತ್ತಲೇ ಇತ್ತು.

ಚಳಿಗಾಲ ಕಳೆದು ಮತ್ತೆ ಹೋದಾಗ ಡಾಕ್ಟರಮ್ಮ ಹಾಲು ಬಿಡಿಸಿದರು. ತಲೆನೋವು ಕೆಲವು ದಿನ ಕಾಡಿ ಹೋಯಿತು. ಅದರ ಹಿಂದೆಯೇ ಉಬ್ಬರವೂ ಇಳಿಯಿತು. ಸಂಜೆಯಾದರೂ ಹುಕ್ಕು ಒತ್ತಲಿಲ್ಲ.

"ಹಾಗಾದ್ರೆ ಮಾತು?" ಎಂದು ಮುಂದಿನ ಸಲ ಹೋದಾಗ ಡಾಕ್ಟರಮ್ಮನನ್ನು ಕೇಳಿದಳು.

"ಗಬಗಬ ತಿಂದ್ಕೊಂಡು ಮಾತಾಡಿದ್ರೆ ಕಷ್ಟ. ಮನೆಯೋರ ಜೊತೆ ನಿಧಾನಕ್ಕೆ ಊಟ ಮಾಡ್ತಾ ನಾಲ್ಕು ಮಾತಾಡಿದ್ರೆ ಏನಾಗುತ್ತಮ್ಮ? ಯಾಕೆ, ಅದನ್ನೂ ಬಿಟ್ರಾ?"



ಆ ಸಂಜೆ ಅಪ್ಪನಿಗಿಷ್ಟವಾದ ಗೆಣಸು ಬೇಯಿಸಿ, ತಟ್ಟೆ ಹಾಕಿ, ಎದುರಿಗೆ ಕೂತಳು.

"ಅಪ್ಪ, ಇನ್ನು ಮಾತಾಡ್ಬಹುದು. ತೊಂದರೆ ಕೊಡ್ತಿದ್ದಿದ್ದು ಹಾಲಂತೆ. ಮದುವಣಗಿತ್ತಿ ಕಥೆ ಹೇಳಪ್ಪ."

ಅಪ್ಪ ತಲೆಯೆತ್ತಿದ. ಗಂಟಲು ಸರಿಮಾಡಿಕೊಂಡ. "ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ಲು. ಬಾಗಿಲು ತೆಗೆದೆ."

"ಅಷ್ಟೇನಾ?"

"ಅಷ್ಟೇ ಅಲ್ವಾ?" ಕೇಳಿದ. ತಮಾಷೆಯಿರಲಿಲ್ಲ, ನಿಜಕ್ಕೂ ಅವಳಿಂದ ತಿಳಿದುಕೊಳ್ಳಬೇಕೆಂಬಂತೆ ಕೇಳಿದ.

ಅವಳೇ ಶುರುಮಾಡಿದಳು. ಬಾಗಿಲಿಗೆ ಸಿಕ್ಕಿಕೊಂಡ ಸೆರಗು. ಮೆಟ್ಟಿಲಲ್ಲಿ ಬೆವರುತ್ತಾ ನಿಂತ ಮದುಮಗ. ಬಾಗಿಲ ಸಂದಿಯಿಂದ ತೂರಿಸಿದ ಬಿಸ್ಕತ್ತು. "ಬೇಗ ತೆಗೀಬೇಡಿ, ಇನ್ನೊಂದು ಚೂರು ಯೋಚನೆ ಮಾಡ್ಬೇಕು" ಎಂದು ಒಳಗಿನಿಂದ ಮದುವಣಗಿತ್ತಿ ಪಿಸುಗುಟ್ಟಿದ್ದು. ಏನನ್ನೂ ಬಿಡಲಿಲ್ಲ. ಅಪ್ಪ ತಲೆಯಾಡಿಸುತ್ತಾ, ಯಾರದೋ ಮನೆಯ ಸುದ್ದಿ ಕೇಳುವವನಂತೆ, ನಿಧಾನವಾಗಿ ಅಗಿಯುತ್ತಿದ್ದ.

ಕೊನೆಗೆ ಅಮ್ಮನ ದನಿ ತಂದುಕೊಂಡು ಕೇಳಿದಳು. "ಆರನೇ ಮಹಡಿ, ಅಲ್ವಾಪ್ಪ?"

ಕಾದಳು.

"ಇರಬಹುದು" ಎಂದ ಅಪ್ಪ. ಗೆಣಸಿನ ತುಂಡೊಂದನ್ನು ಅವಳ ತಟ್ಟೆಯತ್ತ ಸರಿಸಿದ. "ಸಾಕು ಪುಟ್ಟಿ, ಊಟ ಮಾಡು. ಹೊಟ್ಟೆಗೆ ಗಾಳಿ ಹೋಗುತ್ತೆ."

ಅವಳ ಕೈ ಆಗಲೇ ಒಣಗಿತ್ತು.