ಮೇಸ್ತ್ರಿಯ ಸಕ್ಕರೆ

"ಒಂಬತ್ತನೇ ಕ್ಲಾಸು ದಾಟ್ಲಿಲ್ಲ, ಬೆಕ್ಕಿಗೆ ಡಾಕ್ಟ್ರು ಆಗ್ಯಾನೆ! ಇವನ ಕೈಯಾಗೆ ಸೂಜಿ ಕೊಟ್ಟೋರಿಗೆ ಬುದ್ಧಿ ಹೇಳ್ಬೇಕು."

ಶಂಕರಪ್ಪ ದೊಡ್ಡಪ್ಪ ಇದನ್ನು ಮೊದಲು ಕನ್ನಡದಲ್ಲಿ ಹೇಳಿದರು. ಸೋಫಾದ ಮೇಲೆ ಕೂತಿದ್ದ ಕೆಳಗಿನ ಮನೆಯ ಇಂದಿರಮ್ಮನವರಿಗೂ ಅವರ ಸೊಸೆಗೂ ಅರ್ಥವಾಗಲಿಲ್ಲವೆಂದು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದರು. ಎರಡು ಭಾಷೆ ಬಲ್ಲವನಿಗೆ ಇದೊಂದು ಲಾಭ. ಒಂದೇ ಬೈಗುಳ ಎರಡು ಸಲ ಸಿಗುತ್ತದೆ.

ನಾನು ಫಣಿ. ವಿಶಾಖಪಟ್ಟಣ ಬಂದರಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಅಪ್ಪ ತೆಲುಗಿನವನು, ಅಮ್ಮ ದಾವಣಗೆರೆಯವಳು, ಸಿಟ್ಟು ಮಾತ್ರ ಸ್ವಂತ ಸಂಪಾದನೆ. ನನ್ನ ಬೆಕ್ಕಿನ ಹೆಸರು ಮೇಸ್ತ್ರಿ. ಗೋದಾಮಿನ ಮೂಟೆಗಳ ಮೇಲೆ ಕೂತು ನಾವು ದುಡಿಯುವುದನ್ನು ನೋಡುತ್ತಿದ್ದ, ತಾನು ಏನೂ ಮಾಡುತ್ತಿರಲಿಲ್ಲ. ಬೇರೆ ಹೆಸರು ಒಪ್ಪುತ್ತಿರಲಿಲ್ಲ.

ಮೇಸ್ತ್ರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ ಚುಚ್ಚುವವನು ನಾನೇ. ಅದರ ಮೇಲೆ ಹಲ್ಲು ಕೆಟ್ಟು ಒಸಡಿನ ತುಂಬ ಕೀವಾಯಿತು. ಸಕ್ಕರೆ ಇರುವ ಬೆಕ್ಕಿಗೆ ಮತ್ತಿನ ಸೂಜಿ ಕೊಡುವ ಧೈರ್ಯ ತನಗಿಲ್ಲ ಎಂದ ನಮ್ಮೂರಿನ ದ್ವಾರಕಾ ನಗರದ ಡಾಕ್ಟರು ವಿಜಯವಾಡದ ಲಕ್ಷ್ಮೀಪ್ರಸನ್ನ ಮೇಡಂ ಹೆಸರು ಹೇಳಿದರು. ವಿಜಯವಾಡದಲ್ಲಿ ಪದ್ಮಾ ದೊಡ್ಡಮ್ಮನ ಮನೆ ಇತ್ತು. ದೊಡ್ಡಪ್ಪ ಬ್ಯಾಂಕ್ ಮ್ಯಾನೇಜರು, ಪಕ್ಕದ ಇಬ್ರಾಹಿಂಪಟ್ನಂ ಶಾಖೆಗೆ ವರ್ಗವಾಗಿ ಬಂದವರು. ಅವರಿಗೂ ಸಕ್ಕರೆ. ಹಾಗಾಗಿ ರಕ್ತ ನೋಡುವ ಮಷಿನ್ನು ಮನೆಯಲ್ಲೇ ಸಿದ್ಧವಾಗಿತ್ತು. ನಾನೂ ಮೇಸ್ತ್ರಿಯೂ ಬುಟ್ಟಿಸಮೇತ ರೈಲು ಹತ್ತಿದೆವು.

ಆಪರೇಷನ್ ಹಿಂದಿನ ದಿನವಷ್ಟೇ ಆಗಿತ್ತು. ಮನೆಗೆ ಕಳಿಸುವಾಗ ಮೇಡಂ ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದರು. "ನೋಡು ಬಾಬು, ಕೀವು ಹೋಗಿದೆ, ಇನ್ನು ಸಕ್ಕರೆ ತಾನಾಗಿಯೇ ಇಳಿಯಬಹುದು. ಹಳೇ ಡೋಸೇ ಜಾಸ್ತಿ ಆಗಿಬಿಡಬಹುದು. ಬೆಕ್ಕು ತಿನ್ನದೆ ಇನ್ಸುಲಿನ್ ಹಾಕಬೇಡ. ಮಷಿನ್ನಲ್ಲಿ ಏನೇ ಬರಲಿ, ಮೊದಲು ನನಗೆ ಫೋನ್ ಮಾಡು. ಸಕ್ಕರೆ ತೀರಾ ಇಳಿದರೆ ಜೀವ ಉಳಿಯೋಲ್ಲ." ನಾನು ಹತ್ತು ಬೆಕ್ಕು ಉಳಿಸಿದವನ ಹಾಗೆ ತಲೆ ಆಡಿಸಿದ್ದೆ.

ಬೆಕ್ಕಿಗೆ ಆಪರೇಷನ್ ಎಂಬ ಸುದ್ದಿ ಅಪಾರ್ಟ್‌ಮೆಂಟಿನಲ್ಲಿ ಹಬ್ಬಿತ್ತು. ಭಾನುವಾರ ಮಧ್ಯಾಹ್ನ ಇಂದಿರಮ್ಮ ಸೊಸೆಯೊಡನೆ ರೋಗಿಯನ್ನು ನೋಡಲು ಬಂದಿದ್ದರು. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ರೋಗಿಗೂ ಸಕ್ಕರೆ, ಮನೆಯ ಯಜಮಾನರಿಗೂ ಸಕ್ಕರೆ, ಅವರು ತಂದದ್ದು ಒಂದು ಡಬ್ಬಿ ಪೂತರೇಕು. ಕಾಗದದಂಥ ಅಕ್ಕಿಯ ಪದರಕ್ಕೆ ತುಪ್ಪ ಸವರಿ, ಸಕ್ಕರೆಪುಡಿ ತುಂಬಿ ಮಡಿಸಿದ ಸಿಹಿ ಅದು. ಮುಟ್ಟಿದರೆ ಸಾಕು, ಪುಡಿ ಉದುರುತ್ತದೆ.

ಈ ಸಭೆಯಲ್ಲೇ ದೊಡ್ಡಪ್ಪ ನನಗೆ ಮಂಗಳಾರತಿ ಎತ್ತಿದ್ದು.

"ಅಯ್ಯೋ, ಹುಡುಗನನ್ನ ಹಾಗನ್ನಬೇಡಿ ಮ್ಯಾನೇಜರುಗಾರು," ಎಂದು ಇಂದಿರಮ್ಮ ಡಬ್ಬಿ ನನ್ನತ್ತ ತಳ್ಳಿದರು. "ತಗೋ ನಾಯನಾ, ತಿನ್ನು."

ಸಿಟ್ಟು ಬಂದರೆ ಬೇರೆ ಗಂಡಸರು ಮೇಜು ಗುದ್ದುತ್ತಾರೆ. ನಾನು ತಿನ್ನುತ್ತೇನೆ. ಡಬ್ಬಿ ಎಳೆದುಕೊಂಡು, ದೊಡ್ಡಪ್ಪನನ್ನೇ ದುರುಗುಟ್ಟಿ ನೋಡುತ್ತ, ಒಂದಾದ ಮೇಲೊಂದು ಪೂತರೇಕು ಅಗಿದೆ. ಅವರನ್ನೇ ಅಗಿಯುತ್ತಿದ್ದೇನೆ ಎಂಬ ಸಮಾಧಾನ. ಅವರೂ ಮೆಲ್ಲಗೆ ಒಂದಕ್ಕೆ ಕೈ ಹಾಕಿದರು.

"ರೀ!" ಅಡುಗೆಮನೆಯಿಂದ ದೊಡ್ಡಮ್ಮನ ದನಿ.

"ಒಂದೇ ಒಂದು ಕಣೇ."

ಒಂಬತ್ತನೇ ಕ್ಲಾಸಿನವನ ಕೈಚಳಕ ಇವರಿಗೂ ಕಾಣಲಿ ಎಂದುಕೊಂಡು ನಾನು ಅಲ್ಲೇ, ಎಲ್ಲರ ಮುಂದೆ, ಮೇಸ್ತ್ರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿದೆ, ಚುಚ್ಚಿದೆ, ಸಾಸಿವೆಯಷ್ಟು ರಕ್ತ ಬಂತು, ಅದನ್ನು ಮಷಿನ್ನಿನ ಪಟ್ಟಿಗೆ ಮುಟ್ಟಿಸಿದೆ. ಇಂದಿರಮ್ಮನ ಸೊಸೆ "ಅಬ್ಬಾ" ಎಂದಳು. ನಾನು ಎದೆ ಉಬ್ಬಿಸಿದೆ. ಮಷಿನ್ನು ಕುಂಯ್ಗುಟ್ಟಿ ನಾನೂರ ಹನ್ನೆರಡು ತೋರಿಸಿತು.

"ನಾನೂರ ಹನ್ನೆರಡಾ! ನನಗೇ ಅಷ್ಟು ಬಂದಿಲ್ಲ," ಎಂದರು ದೊಡ್ಡಪ್ಪ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. "ಡೋಸು ಏರಿಸ್ಲೇ. ಡಬಲ್ ಹಾಕು. ನಾನು ಹಂಗೇ ಮಾಡದು."

"ಡಾಕ್ಟ್ರಿಗೊಂದು ಫೋನ್ ಮಾಡೋ ಫಣಿ," ದೊಡ್ಡಮ್ಮ ಹೊರಗೆ ಬಂದಳು. "ಬೆಳಗ್ಗಿಂದ ಅದು ಏನೂ ಮುಟ್ಟಿಲ್ಲ."

ಆದರೆ ಇಷ್ಟು ಜನರೆದುರು ಫೋನ್ ಮಾಡಿ "ಮೇಡಂ, ಏನು ಮಾಡಲಿ?" ಎಂದರೆ ನನ್ನ ಒಂಬತ್ತನೇ ಕ್ಲಾಸಿಗೆ ಸಹಿ ಹಾಕಿ ಕೊಟ್ಟ ಹಾಗೆ. "ನನಗ್ಗೊತ್ತು ದೊಡ್ಡಮ್ಮ," ಎಂದೆ. ಏನು ಗೊತ್ತಿತ್ತೋ ಆ ದೇವರೇ ಬಲ್ಲ. ಬೈದವರ ಮಾತನ್ನೇ ಕೇಳಿ ಎರಡರಷ್ಟು ಇನ್ಸುಲಿನ್ ಸಿರಿಂಜಿಗೆ ಎಳೆದೆ, ಮೇಸ್ತ್ರಿಯ ಕುತ್ತಿಗೆಯ ಚರ್ಮ ಹಿಡಿದೆತ್ತಿದೆ.

ಮೇಸ್ತ್ರಿ ಕತ್ತು ತಿರುಗಿಸಿ ನನ್ನ ಹೆಬ್ಬೆರಳು ನೆಕ್ಕಿದ. ಬೆಳಗ್ಗೆ ಮೀನಿನ ಸಾರಿಗೆ ಮೂತಿ ತಿರುಗಿಸಿದ್ದವನು ಬೆರಳನ್ನು ಬಿಡಲೇ ಇಲ್ಲ. ಇದರಲ್ಲಿ ಅಂಥದ್ದೇನಿದೆ ಎಂದು ಬೆರಳು ನೋಡಿದೆ. ತುಪ್ಪ. ತುಪ್ಪಕ್ಕಂಟಿದ ಬಿಳಿ ಪುಡಿ. ಕಿವಿ ನೋಡಿದೆ. ರಕ್ತ ಒಸರಿದ ಜಾಗದ ಸುತ್ತ ಅದೇ ಪುಡಿ.

ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಪೀಂ ಪೀಂ ಎನ್ನುತ್ತದಲ್ಲ, ಅದು ತಲೆಯೊಳಗೆ ಶುರುವಾಯಿತು. ನಾನು ಅಳೆದದ್ದು ಮೇಸ್ತ್ರಿಯ ಸಕ್ಕರೆಯನ್ನಲ್ಲ, ಇಂದಿರಮ್ಮನ ಪೂತರೇಕನ್ನು.

ಸಿರಿಂಜು ಕೆಳಗಿಟ್ಟೆ. ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡೆ. ಇನ್ನೊಂದು ಕಿವಿಯನ್ನು ಒದ್ದೆ ಹತ್ತಿಯಲ್ಲಿ ಒರೆಸಿ, ಒಣಗಿಸಿ, ಹೊಸ ಪಟ್ಟಿ ಹಾಕಿ ನೋಡಿದೆ. ತೊಂಬತ್ತಾರು. ಬರಿ ಹೊಟ್ಟೆಯ ಬೆಕ್ಕು, ಸಕ್ಕರೆ ತೊಂಬತ್ತಾರು, ಅದರ ಮೇಲೆ ಡಬಲ್ ಡೋಸು. ಸಂಜೆಯೊಳಗೆ ಬುಟ್ಟಿ ಖಾಲಿಯಾಗುತ್ತಿತ್ತು. ಫೋನನ್ನು ದೊಡ್ಡಮ್ಮನತ್ತ ಚಾಚಿದೆ. ಅವಳೇ ಮೇಡಂಗೆ ಹಚ್ಚಿ, ಎರಡೂ ಅಂಕಿ ಹೇಳಿ, ಸ್ಪೀಕರ್ ಹಾಕಿದಳು.

"ಇನ್ಸುಲಿನ್ ಹಾಕಿದೆಯಾ?"

"ಇಲ್ಲ ಮೇಡಂ."

"ಸದ್ಯ. ಇವತ್ತು ಹಾಕಲೇಬೇಡ. ಮೀನು ಬೇಯಿಸಿದ ನೀರು ಬೆಚ್ಚಗೆ ಮಾಡಿ ಬೆರಳಲ್ಲಿ ನೆಕ್ಕಿಸು, ಸಂಜೆ ಮತ್ತೆ ನೋಡಿ ಹೇಳು. ಅಲ್ಲ, ಮೊದಲು ನಾನೂರು ಹೇಗೆ ಬಂತು?"

"ಕೈಯಲ್ಲಿ... ಪೂತರೇಕು ಇತ್ತು ಮೇಡಂ."

ಫೋನಿನಲ್ಲಿ ಮೇಡಂ ನಕ್ಕರು. ಇಂದಿರಮ್ಮನ ಸೊಸೆ ಸೆರಗು ಬಾಯಿಗೆ ತುರುಕಿಕೊಂಡಳು.

ದೊಡ್ಡಮ್ಮ ಮೀನಿನ ನೀರು ಬಿಸಿ ಮಾಡಿ ತಂದಳು. ನಾನು ಬೆರಳು ಅದ್ದಿ ಹಿಡಿದೆ. ಮೇಸ್ತ್ರಿ ಮೂಸಿದ, ಯೋಚಿಸಿದ, ಒಮ್ಮೆ ನೆಕ್ಕಿದ. ಇನ್ನೊಮ್ಮೆ ನೆಕ್ಕಿದ.

"ಹೇಳ್ಲಿಲ್ಲೇನು ನಾನು?" ದೊಡ್ಡಪ್ಪ ಸೋಫಾದಲ್ಲಿ ನೆಟ್ಟಗೆ ಕೂತರು. "ಇವನ ಕೈಯಾಗೆ ಸೂಜಿ ಕೊಡಬಾರ್ದು ಅಂತ! ಆಗ್ಲೇ ಹೇಳ್ದೆ!" ಎಂದವರು ತೆಲುಗಿನಲ್ಲೂ ಮುಗಿಸಿದರು. ಮೀಸೆಯ ತುಂಬ ಸಕ್ಕರೆಪುಡಿ.

ಡಬಲ್ ಹಾಕು ಅಂದವರು ಯಾರು? ಮೊದಲು ಆ ಮೀಸೆ ಒರೆಸಿಕೊಳ್ಳಿ! ಎರಡು ಭಾಷೆಯಲ್ಲೂ ಉತ್ತರ ಗಂಟಲಿಗೆ ಬಂದು ನಿಂತಿತು. ಆದರೆ ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ನಾನು ಬಾಯಿ ತೆಗೆದರೆ ಮೇಸ್ತ್ರಿ ಬೆಚ್ಚಿ ಮಂಚದಡಿ ಸೇರುತ್ತಾನೆ, ಮತ್ತೆ ತಿನ್ನುವುದು ಯಾವಾಗಲೋ. ಅವನು ಇನ್ನೂ ನೆಕ್ಕುತ್ತಿದ್ದ.

ಎಡಗೈಯಲ್ಲಿ ಮೇಸ್ತ್ರಿಯನ್ನು ಅಪ್ಪಿಕೊಂಡೆ, ಬಲಗೈಯಲ್ಲಿ ಬಟ್ಟಲು ಹಿಡಿದೆ. ಹಿಂದಿನ ಬಾಲ್ಕನಿಗೆ ನಡೆದು, ಬಾಗಿಲನ್ನು ಕಾಲಿನಿಂದ, ಸದ್ದಾಗದ ಹಾಗೆ ಎಳೆದುಕೊಂಡೆ.