ಬೇಲಿ ಮೂಲೆಯ ತಗ್ಗು

"ಇಲ್ಲಿ ನೆಲ ತಗ್ಗಾಗಿದೆಯಲ್ಲ, ಯಾರದಾದರೂ ಸಮಾಧಿಯೇ?"

ಬೇಲಿಯ ಮೂಲೆಯಲ್ಲಿ ನಿಂತು ಮಿರಿಯಮ್ ಇಂಗ್ಲಿಷಿನಲ್ಲಿ ಕೇಳಿದಳು. ಊರಿನ ಡಾಕ್ಟರ್ ಕೃಷ್ಣಸ್ವಾಮಿ ಕೇಳಿಸದವರಂತೆ ಕಳೆ ಕೀಳುತ್ತಲೇ ಇದ್ದರು. ಶಾರದಾ ಗಂಡನ ಬೆನ್ನನ್ನೇ ನೋಡಿದಳು.

ಅಮೆರಿಕದ ರಾಲಿ ನಗರದಿಂದ ಒಂದೂವರೆ ಗಂಟೆ ದೂರದ ಈ ಊರಿನಲ್ಲಿ ಒಂದು ಕಾಲಕ್ಕೆ ಹದಿನೈದು ಯಹೂದಿ ಕುಟುಂಬಗಳಿದ್ದವು. ಹತ್ತಿ ಗಿರಣಿ ಮುಚ್ಚಿದ ಮೇಲೆ ಮಕ್ಕಳೆಲ್ಲ ಅಟ್ಲಾಂಟಾ ಸೇರಿದರು. ಉಳಿದದ್ದು ಪೈನ್ ಮರಗಳ ನಡುವಿನ ಈ ಸ್ಮಶಾನ, ಅದನ್ನು ನೋಡಿಕೊಳ್ಳಲು ಬಟ್ಟೆ ಅಂಗಡಿಯ ಲಿಪ್‌ಮನ್. ಹೋದ ವರ್ಷ, ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ, ಅವನೂ ತೀರಿಕೊಂಡ. ಈಗ ಅವನ ಮಗಳು ಮಿರಿಯಮ್, ಬಿದ್ದ ಕಲ್ಲುಗಳನ್ನು ನಿಲ್ಲಿಸಿ ಪ್ರತಿ ಸಮಾಧಿಯನ್ನೂ ನಕ್ಷೆಗೆ ಸೇರಿಸಲು ಬಂದಿದ್ದಳು.

ಕೃಷ್ಣಸ್ವಾಮಿ ಹೆಂಡತಿಗೆ ಹಿಂದಿನ ದಿನವೇ ಹೇಳಿದ್ದರು: "ನೀನೇನೂ ಬಾಯಿ ಬಿಡ್ಬೇಡ. ಅವರ ರೂಲ್ಸ್ ಬೇರೆ. ಅಗೆದು ತಗೊಂಡು ಹೋಗಿ ಅಂದ್ರೆ ಏನ್ ಮಾಡ್ತೀಯ?"

ಮಿರಿಯಮ್ ಮುಂದಿನ ಸಾಲಿಗೆ ಹೊರಟಳು. ಹೊಸ ಬೇಲಿ ನೇರವಾಗಬೇಕಾದರೆ ಆ ಮೂಲೆಯನ್ನು ಹೊರಗೆ ಬಿಡಬಹುದು ಎಂದಳು.

ಶಾರದಾಳಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಎಪ್ಪತ್ತೊಂದರಲ್ಲಿ ಹುಟ್ಟಿ ನಾಲ್ಕೇ ದಿನ ಬದುಕಿದ ಹೆಣ್ಣು ಮಗು; ಅಷ್ಟು ಎಳೆಗೂಸನ್ನು ತಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ; ಎಲ್ಲಿ ಎಂದು ತೋಚದೆ ಕೂತಿದ್ದಾಗ ಲಿಪ್‌ಮನ್ ಬಂದು ಕರೆದೊಯ್ದು, ತಾನೇ ಗುದ್ದಲಿ ಹಿಡಿದದ್ದು; ಅಂದಿನಿಂದ ಡಾಕ್ಟರೇ ಇಲ್ಲಿ ಹುಲ್ಲು ಕತ್ತರಿಸುತ್ತಾ ಬಂದದ್ದು.

ಮಿರಿಯಮ್ ನಕ್ಷೆ ಹಿಡಿದು ಮೂಲೆಗೆ ಮರಳಿದಳು. ಅಪ್ಪ ಮನೆಯಲ್ಲಿ ಈ ವಿಷಯ ಎತ್ತಿರಲೇ ಇಲ್ಲವಂತೆ. ಯಹೂದಿಗಳಲ್ಲದವರಿಗೆ ಇಲ್ಲಿ ಜಾಗವಿಲ್ಲ; ಉಳಿದ ಕುಟುಂಬಗಳನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಿರಲಾರ ಎಂದಳು. ಧರ್ಮಗುರುಗಳು ಏನೆನ್ನುತ್ತಾರೋ ಅವಳಿಗೂ ಗೊತ್ತಿರಲಿಲ್ಲ.

"ಆದರೆ ಇರುವುದನ್ನು ಇಲ್ಲ ಅಂತ ನಾನು ಬರೆಯಲಾರೆ. ಬೇಲಿ ಈ ಮೂಲೆಯನ್ನು ಸುತ್ತಿಕೊಂಡೇ ಹೋಗಲಿ. ಮಗುವಿನ ಹೆಸರೇನು?"

ಶಾರದಾ ತಲೆಯಲ್ಲಾಡಿಸಿದಳು. ನಾಮಕರಣದ ದಿನ ಬಂದಿರಲೇ ಇಲ್ಲ.

"ಇಂದು ಅಂತ ಹೆಸರು," ಎಂದರು ಕೃಷ್ಣಸ್ವಾಮಿ.

ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಅವರ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ಶಾರದಾ ಮೆಲ್ಲಗೆ ಕೇಳಿದಳು, "ಯಾವಾಗ ಇಟ್ರಿ?"

"ಹುಟ್ಟಿದ ದಿನಾನೇ. ಆಮೇಲೆ ನಿಂಗೆ ಹೇಳೋಕಾಗ್ಲಿಲ್ಲ."

ಮಿರಿಯಮ್ ಅಕ್ಷರಗಳನ್ನು ಕೇಳಿ ಕೇಳಿ ಬರೆದುಕೊಂಡಳು. ಶಾರದಾ ಅಲ್ಲೇ ಕೂತು, ತಗ್ಗಿನಲ್ಲಿ ತುಂಬಿದ್ದ ಪೈನ್ ತರಗೆಲೆಗಳನ್ನು ಅಂಗೈಯಿಂದ ಸರಿಸತೊಡಗಿದಳು. ಕೆಳಗಿನ ಕೆಂಪು ಮಣ್ಣು ತಣ್ಣಗಿತ್ತು.