ಮುನವ್ವರ್ ಕಲೆಸಿದ ಬಣ್ಣ

ಬಿಳಿ ಚಾದರದ ಒಂದು ತುದಿ ಸಾಬಿರಾಳ ಕೈಯಲ್ಲಿತ್ತು, ಇನ್ನೊಂದು ಮಗಳು ತೂಬಾಳ ಕೈಯಲ್ಲಿ. ಕೊಡವಿ ನೆಲಕ್ಕೆ ಹಾಸಬೇಕು ಅನ್ನುವಷ್ಟರಲ್ಲಿ ತೂಬಾಳ ಫೋನು ಗುಂಯ್‌ಗುಟ್ಟಿತು. ನೋಡಿದವಳೇ ಚಾದರದ ತುದಿ ಬಿಟ್ಟುಬಿಟ್ಟಳು.

"ಅಮ್ಮೀ, ಅಫ್ಶಾನ್ ಆರಾ ಬರ್ತಾರಂತೆ! ಟಿವಿ ಕೇಂದ್ರದವರು ತಿಳಿಸಿದ್ದಾರೆ."

ಗೋಡೆಗೊರಗಿ ಕುರಾನ್ ಓದುತ್ತಿದ್ದ ಹೆಂಗಸರ ತುಟಿಗಳು ಒಮ್ಮೆಲೇ ನಿಂತವು.

"ಯಾರು, ಧಾರಾವಾಹಿಯ ಅಫ್ಶಾನ್ ಆರಾನಾ? ಈ ಮನೆಗಾ?" ಎಂದಳು ಎದುರು ಫ್ಲಾಟಿನವಳು.

"ಮತ್ತೆ? ಅಷ್ಟು ವರ್ಷ ಅವಳ ಮುಖಕ್ಕೆ ಬಣ್ಣ ಹಚ್ಚಿದ್ದು ನನ್ನ ತಮ್ಮ ತಾನೆ," ಎಂದರು ಖಾಲಿದಾ ಆಪಾ. ಬೆಳಗಿನಿಂದ ಅತ್ತೂ ಅತ್ತೂ ಕೆಂಪಾಗಿದ್ದ ಅವರ ಕಣ್ಣಲ್ಲಿ ಈಗ ಸಣ್ಣದೊಂದು ಹೆಮ್ಮೆ ಇಣುಕಿತು. "ಸಾಬಿರಾ, ನೀನು ಸುಮ್ನೆ ಕೂತ್ಕೋಬಾರದಾ? ಗಂಡ ಸತ್ತ ದಿನ ಚಾದರ ಹಾಸ್ತಾ ನಿಂತಿದೀಯಲ್ಲ."

ಸಾಬಿರಾ ಕೂರಲಿಲ್ಲ. ಬಿದ್ದ ತುದಿಯನ್ನು ತಾನೇ ಎತ್ತಿ, ಜಗ್ಗಿ, ಸುಕ್ಕಿಲ್ಲದಂತೆ ಹಾಸಿದಳು. ಕೆಳಗೆ ಬೀದಿಯಲ್ಲಿ ಗಂಡಸರಿಗೆಂದು ಶಾಮಿಯಾನ ಕಟ್ಟುತ್ತಿದ್ದರು. ಮಸೀದಿಯ ಪಕ್ಕದ ಕೋಣೆಯಲ್ಲಿ ಗಂಡ ಮುನವ್ವರ್‌ಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು.

"ಬರಲಿ," ಎಂದಳು. "ಅವರು ಹೋದ ಮೇಲಾದ್ರೂ ಈ ಮೆಟ್ಟಿಲು ಹತ್ತಬೇಕು ಅನ್ನಿಸಿತಲ್ಲ ಮಹಾರಾಣಿಗೆ."

*

ಸಾಬಿರಾ ಮದುವೆಯಾಗಿ ನಾಜಿಮಾಬಾದಿಗೆ ಬಂದ ವರ್ಷವೇ ಅಫ್ಶಾನ್ ಆರಾಳ ಮೊದಲ ಧಾರಾವಾಹಿ ಬಂದದ್ದು. ಅದು ಶುರುವಾಗುವ ಹೊತ್ತಿಗೆ ರಿಕ್ಷಾದವರು ಬಾಡಿಗೆ ಬಿಟ್ಟು ಚಹದಂಗಡಿಯ ಟಿವಿ ಮುಂದೆ ನಿಂತುಬಿಡುತ್ತಿದ್ದರು. ಮೊದಲು ಹಠಮಾರಿ ಮಗಳು, ಆಮೇಲೆ ಬಡವರ ಮನೆಯ ಸೊಸೆ, ವಕೀಲೆ, ಕೊನೆಗೆ ಹವೇಲಿಯ ಯಜಮಾನಿ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಆಗದ ಹೆಂಗಸಿರಲಿಲ್ಲ. ಪತ್ರಿಕೆಯವರು ಆ ಮುಖದ ಕಾಂತಿಯ ಬಗ್ಗೆ ಪುಟಗಟ್ಟಲೆ ಬರೆದರು.

ಆ ಮುಖವನ್ನು ದಿನಾ ಎಲ್ಲರಿಗಿಂತ ಮೊದಲು ನೋಡುತ್ತಿದ್ದವನು ಸಾಬಿರಾಳ ಗಂಡ. ಬೇರೆ ನಟಿಯರ ಮೇಕಪ್ಪಿಗೆ ಇಪ್ಪತ್ತು ನಿಮಿಷ. ಅಫ್ಶಾನ್‌ಗೆ ಒಂದೂವರೆ ಗಂಟೆ, ಅದೂ ಬಾಗಿಲು ಹಾಕಿಕೊಂಡು. ಟಿವಿ ಕೇಂದ್ರದ ಡ್ರೈವರನ ಹೆಂಡತಿ ಇದನ್ನು ಸಾಬಿರಾಳ ಕಿವಿಗೆ ಹಾಕಿ, "ನಾನಂತೂ ಏನೂ ಹೇಳಲ್ಲಪ್ಪ" ಎಂದು ಹೋದಳು.

ತನ್ನ ತಮ್ಮನ ಮದುವೆಯ ದಿನ ಸಾಬಿರಾ ಗಂಡನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. "ಒಂದೇ ಒಂದು ಸಲ ನಂಗೂ ಅವಳಿಗೆ ಮಾಡಿದ ಹಾಗೆ ಮಾಡಿ."

ಅವನು ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. "ನಿನ್ನ ಮುಖದಲ್ಲಿ ಮಾಡೋಕೆ ಏನಿದೆ?" ಎಂದು ಎದ್ದುಹೋದ. ಆ ಮದುವೆಯ ಒಂದು ಫೋಟೋದಲ್ಲೂ ಸಾಬಿರಾ ನಕ್ಕಿಲ್ಲ.

ಇನ್ನೊಮ್ಮೆ, ಕ್ಯಾಮೆರಾದವರ ಮಗಳ ಮದುವೆಯಲ್ಲಿ, ಅಫ್ಶಾನ್ ಆರಾಳನ್ನು ಹತ್ತಿರದಿಂದ ಒಮ್ಮೆ ನೋಡೇಬಿಡೋಣ ಎಂದು ಸಾಬಿರಾ ಜನರ ನಡುವೆ ನುಗ್ಗಿ ಹೋದಳು. ಮುನವ್ವರ್‌ನ ಹೆಂಡತಿ ಎಂದು ಯಾರೋ ಹೇಳಿದ್ದೇ ತಡ, ಆ ಹೆಂಗಸು ಬಿಳಿಚಿಕೊಂಡು, ಸಲಾಂ ಕೂಡ ಹೇಳದೆ, ಸರಸರನೆ ಕಾರು ಹತ್ತಿತು. ಹತ್ತಾರು ಜನರೆದುರು. ಕಳ್ಳಿಯಲ್ಲದಿದ್ದರೆ ಹಾಗೆ ಯಾಕೆ ಓಡುತ್ತಾಳೆ?

*

ಹನ್ನೆರಡು ಹೊಡೆಯುವ ಹೊತ್ತಿಗೆ ಕೋಣೆ ತುಂಬಿತು. ಕಪ್ಪು ಬುರ್ಖಾದವಳೊಬ್ಬಳು ಒಂಟಿಯಾಗಿ ಬಂದು ಬಾಗಿಲ ಬಳಿ ಕೂತಳು. ಒಳಗೆಲ್ಲ ಹೆಂಗಸರೇ ಇದ್ದರೂ ಮುಖಪರದೆ ತೆಗೆಯಲಿಲ್ಲ. ಯಾರೂ ಅವಳನ್ನು ಗಮನಿಸಲೂ ಇಲ್ಲ. ಹುಡುಗಿಯರ ಕಣ್ಣೆಲ್ಲ ಕಿಟಕಿಯಾಚೆ ದೊಡ್ಡ ಕಾರು ಬರುತ್ತದೆಂದು ಕಾಯುತ್ತಿತ್ತು.

"ಬರಲ್ಲ ಬಿಡಿ," ಎಂದಳು ಎದುರು ಫ್ಲಾಟಿನವಳು. "ನಾಳೆ ಪೇಪರಿನಲ್ಲಿ ಎರಡು ಸಾಲು ಹಾಕಿಸ್ತಾಳೆ, ನನ್ನ ಅಣ್ಣ ಇದ್ದ ಹಾಗಿದ್ರು ಅಂತ."

"ನನ್ನ ತಮ್ಮನ ಆಯಸ್ಸೆಲ್ಲ ಅವಳಿಗೆ ಸವೀತು," ಎಂದರು ಖಾಲಿದಾ ಆಪಾ. "ಕೃತಜ್ಞತೆ ಇಲ್ಲದ ಹೆಂಗಸು."

ಸಾಬಿರಾ ಮಣಿ ಎಣಿಸುತ್ತಾ ಕೇಳಿದಳು. ಈ ಮಾತುಗಳಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳು! ಗಂಡನ ಹೆಣ ಬರುವುದರಲ್ಲಿದೆ ಎಂಬುದನ್ನೂ ಮರೆತು, ಇನ್ನೊಂದೆರಡು ಮಾತು ಬೀಳಲಿ ಎಂದು ಕಿವಿಗೊಟ್ಟಳು.

*

ನಿವೃತ್ತಿಯ ದಿನ ಮುನವ್ವರ್ ಒಂದು ಹೂವಿನ ಹಾರ, ಒಂದು ಗೋಡೆ ಗಡಿಯಾರ, ತನ್ನ ತಗಡಿನ ಪೆಟ್ಟಿಗೆ ಹಿಡಿದು ಮನೆಗೆ ಬಂದಿದ್ದ. ಊಟ ಮಾಡುತ್ತಾ ಹೇಳಿದ: "ನಾಳೆಯಿಂದ ಕೇಂದ್ರಕ್ಕಿಲ್ಲ. ಶೂಟಿಂಗ್ ಇದ್ದ ದಿನ ಅಫ್ಶಾನ್ ಮೇಡಂ ಮನೆಗೆ ಮಾತ್ರ ಹೋಗಿ ಬರ್ತೀನಿ."

ಮರುದಿನ ಅವನು ನಮಾಜಿಗೆ ಹೋದಾಗ ಸಾಬಿರಾ ಪೆಟ್ಟಿಗೆ ತೆರೆದಳು. ಒಳಗೆ ಒಂದು ದೊಡ್ಡ ಗಾಜಿನ ಸೀಸೆ, ತುಂಬಾ ಗೋಧಿ ಬಣ್ಣದ ಲೇಪ. ಮುಚ್ಚಳದ ಮೇಲೆ ಅವನ ಕೈಬರಹದಲ್ಲಿ ಒಂದೇ ಅಕ್ಷರ, ಅಲಿಫ್, ಉರ್ದುವಿನಲ್ಲಿ ಅಫ್ಶಾನ್ ಹೆಸರಿನ ಮೊದಲಕ್ಷರ. ಸಾಬಿರಾ ಲೇಪವನ್ನೆಲ್ಲ ಬಚ್ಚಲಿಗೆ ಬಳಿದು ಸುರಿದಳು. ಸೀಸೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಲವಂಗ ತುಂಬಿ, ಅವನ ಕಣ್ಣಿಗೆ ಬೀಳುವ ಹಾಗೆ ಅಡುಗೆಮನೆಯ ಮುಂದಿನ ಹಲಗೆಯಲ್ಲಿಟ್ಟಳು.

ಅವನು ನೋಡಿದ. ಜಗಳ ಆಡುತ್ತಾನೆಂದು ಅವಳು ಸೆರಗು ಬಿಗಿದು ನಿಂತಿದ್ದಳು. ಅವನು ಚಹ ಕೇಳಿದ, ಅಷ್ಟೆ.

ತಿಂಗಳು ಕಳೆಯುವುದರೊಳಗೆ ಅಫ್ಶಾನ್ ಆರಾ ನಟನೆ ಬಿಟ್ಟಳೆಂದು ಪತ್ರಿಕೆಗಳೆಲ್ಲ ಬರೆದವು. ಕಾರಣ ಯಾರಿಗೂ ಗೊತ್ತಾಗಲಿಲ್ಲ. ಸಾಬಿರಾಗೆ ಮಾತ್ರ ಗೊತ್ತಿತ್ತು: ಇವನಿಲ್ಲದ ಕೇಂದ್ರಕ್ಕೆ ಕಾಲಿಡಲು ಅವಳಿಗೆ ಮನಸ್ಸಾಗುತ್ತಿಲ್ಲ.

*

ಬುರ್ಖಾದವಳು ಎದ್ದು ಬಂದು ಸಾಬಿರಾಳ ಕಿವಿಯಲ್ಲಿ ಪಿಸುಗುಟ್ಟಿದಳು: "ಒಂದು ನಿಮಿಷ ಒಳಗೆ ಬರ್ತೀರಾ?"

ಒಳಕೋಣೆಯ ಬಾಗಿಲು ಹಾಕಿ ಅವಳು ಪರದೆ ಎತ್ತಿದಳು. ಎರಡೂ ಕಣ್ಣಿನ ಸುತ್ತ, ಮೂಗಿನ ಒಂದು ಬದಿ, ಬಾಯಿಂದ ಗದ್ದದವರೆಗೆ ಹಾಲಿನಂಥ ಬಿಳಿ ತೊನ್ನು. ಅಲ್ಲಲ್ಲಿ ಮಾತ್ರ ಚೂರುಪಾರು ಗೋಧಿ ಬಣ್ಣ ಉಳಿದಿತ್ತು. ಯಾರೋ ದೂರದ ನೆಂಟರಿರಬೇಕು ಅಂದುಕೊಂಡಳು ಸಾಬಿರಾ.

"ನಾನು ಅಫ್ಶಾನ್, ಭಾಬಿ," ಎಂದಿತು ಇಡೀ ದೇಶ ಬಲ್ಲ ಆ ದನಿ.

ಸಾಬಿರಾ ಮತ್ತೊಮ್ಮೆ ಆ ಮುಖ ನೋಡಿದಳು. "ಇದು... ಯಾವಾಗಿಂದ?"

"ಎರಡನೇ ಧಾರಾವಾಹಿ ಹೊತ್ತಿಗೆ. ಕಣ್ಣಿನ ಹತ್ರ ಕಾಳಿನಷ್ಟಿತ್ತು. ನನಗಿಂತ ಮುಂಚೆ ನೋಡಿದ್ದು ಮುನವ್ವರ್ ಭಾಯ್. ನಿಮಗೆ ಗೊತ್ತಿರೋದೇ ಅಲ್ವಾ."

"ನಂಗೇನು ಗೊತ್ತು?"

ಅಫ್ಶಾನ್ ಅವಳನ್ನೇ ದಿಟ್ಟಿಸಿದಳು. "ನಿಮಗೂ ಹೇಳಿರ್ಲಿಲ್ವಾ? ಹೆಂಡತಿ ಹತ್ರ ಹೇಳದೆ ಇರ್ತಾರಾ ಅಂದ್ಕೊಂಡಿದ್ದೆ ನಾನು. ಆ ಮದುವೇಲಿ ನೀವು ನನ್ನ ಮುಖಾನೇ ನೋಡ್ತಾ ನುಗ್ಗಿ ಬಂದ್ರಿ. ಎಲ್ಲರ ಮುಂದೆ ಎಲ್ಲಿ ಬಾಯ್ಬಿಡ್ತೀರೋ ಅಂತ ಎದೆ ಹೊಡ್ಕೊಂಡು ಓಡಿಹೋದೆ."

ಸಾಬಿರಾ ಬಾಯಿಂದ ಅಷ್ಟು ವರ್ಷದ ಪ್ರಶ್ನೆ ತಾನಾಗಿ ಬಂತು. "ಬಾಗಿಲು ಹಾಕ್ಕೊಂಡು ಅಷ್ಟು ಹೊತ್ತು ಏನು ಮಾತಾಡ್ತಿದ್ರಿ?"

"ಮಾತೆಲ್ಲಿ? ಮಾತಾಡಿದ್ರೆ ಕೈ ಅಲುಗುತ್ತೆ ಅನ್ನೋರು. ಉಸಿರು ಬಿಗಿಹಿಡ್ಕೊಂಡಿರೋರು."

ಮನೆಯಲ್ಲೂ ಅವನು ಮಾತಾಡಿದವನಲ್ಲ. ಮಾತೆಲ್ಲ ಅಲ್ಲೇ ಖರ್ಚಾಗುತ್ತದೆ ಎಂದುಕೊಂಡೇ ಸಾಬಿರಾ ಬಾಳಿದ್ದಳು.

"ಇನ್ನೂ ಎರಡು ವರ್ಷ ನಟನೆ ಮಾಡ್ತಿದ್ದೆ," ಎಂದಳು ಅಫ್ಶಾನ್. "ನನ್ನ ಬಣ್ಣದ ಸೀಸೆ ಅವರ ಕೈತಪ್ಪಿ ಒಡೀತಂತೆ. ಪುಡಿ ಕೊಡ್ತಿದ್ದ ಅಂಗಡಿ ಮುಚ್ಚಿತ್ತು. ಬೇರೆ ಬಣ್ಣ ಕಲೆಸಿ ನೋಡಿದ್ರು, ಹದ ಕೂಡಲಿಲ್ಲ. ನನ್ನದೇ ತಪ್ಪು ಮೇಡಂ ಅಂತ ಅತ್ರು ಪಾಪ."

ಸಾಬಿರಾಳ ಎದೆಯಲ್ಲಿ ಏನೋ ಹಗುರಾಗಬೇಕಿತ್ತು. ಆಗಲಿಲ್ಲ. ಇನ್ನೊಬ್ಬಳನ್ನು ಮುಟ್ಟಿದ್ದ ಎಂದಾಗಿದ್ದರೆ ಹೇಗೋ ನುಂಗಬಹುದಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿ ಇಷ್ಟು ದೊಡ್ಡದನ್ನು ಇವಳಿಗಾಗಿ ಬಚ್ಚಿಟ್ಟನಲ್ಲ! ಇವಳೆದುರು ಅತ್ತನಲ್ಲ! ಅವನು ಅತ್ತದ್ದನ್ನು ಸಾಬಿರಾ ಒಮ್ಮೆಯೂ ಕಂಡಿರಲಿಲ್ಲ. ಅವರಿಬ್ಬರ ಆ ಕತೆಯಲ್ಲಿ ತನಗೆ ನಿಲ್ಲಲೂ ಜಾಗವಿಲ್ಲ ಎನಿಸಿತು.

"ಒಡೆದಿರ್ಲಿಲ್ಲ," ಎಂದಳು. "ಬಚ್ಚಲಿಗೆ ಸುರಿದೋಳು ನಾನು. ಬೇಕಂತಲೇ."

ಅಫ್ಶಾನ್‌ಳ ಕೈ ತನ್ನ ಕೆನ್ನೆಗೆ ಹೋಯಿತು. ಅಷ್ಟರಲ್ಲಿ ತೂಬಾ ಬಾಗಿಲು ಬಡಿದಳು. "ಅಮ್ಮೀ, ಅಬ್ಬಾನ್ನ ಕರ್ಕೊಂಡ್ ಬಂದ್ರು."

ಅಫ್ಶಾನ್ ಪರದೆ ಇಳಿಸಿದಳು.

ಹೆಣಕ್ಕೆ ಸುತ್ತಿದ ಕಫನ್ ಬಟ್ಟೆ ಸರಿಸಿ ಮುಖ ತೋರಿಸಿದಾಗ ಹೆಂಗಸರೆಲ್ಲ ತಲೆ ತಗ್ಗಿಸಿ ಬಿಕ್ಕಿದರು. ಅಫ್ಶಾನ್ ಒಬ್ಬಳೇ ಗೋಡೆಯ ಬಳಿ ನಿಂತು, ಪರದೆಯೊಳಗೇ ಗದ್ದ ಮೇಲೆತ್ತಿ ಅಲುಗದೆ ಇದ್ದಳು. ಬಣ್ಣ ಹಚ್ಚಿಸಿಕೊಳ್ಳುವವರು ಹಾಗೆ ಕೂರುತ್ತಾರೆ. ಸಾಬಿರಾಗೆ ಅದು ಗೊತ್ತಾಯಿತು. ಅವಳು ಗಂಡನ ತಣ್ಣಗಿನ ಹಣೆಯ ಮೇಲೆ ಅಂಗೈ ಒತ್ತಿ, ಗಂಡಸರು ಬಂದು ಜನಾಜಾದ ಮಂಚ ಎತ್ತುವವರೆಗೂ ತೆಗೆಯಲಿಲ್ಲ.

ಗಂಡಸರು ಖಬರಸ್ತಾನದಿಂದ ಮರಳಿದ ಮೇಲೆ ನೆರೆಮನೆಯವರು ಬಿರಿಯಾನಿಯ ತಟ್ಟೆಗಳನ್ನು ಕಳಿಸಿದರು.

"ನೋಡಿದ್ರಾ, ಅಫ್ಶಾನ್ ಆರಾ ಬರಲೇ ಇಲ್ಲ," ಎಂದಳೊಬ್ಬ ಹುಡುಗಿ ಫೋನು ಒಳಗಿಡುತ್ತಾ.

ಖಾಲಿದಾ ಆಪಾ ಬಾಗಿಲ ಕಡೆ ತಿರುಗಿದರು. "ಏನಮ್ಮಾ, ಯಾರ ಕಡೆಯವಳು ನೀನು? ಇಲ್ಲಿ ಗಂಡಸರಿಲ್ಲ, ಪರದೆ ತೆಗೆದು ಎರಡು ತುತ್ತು ತಿನ್ನು."

ಬುರ್ಖಾದವಳು ಅಲ್ಲಾಡಲಿಲ್ಲ. ಕೋಣೆ ಅವಳತ್ತ ನೋಡಿತು. ಗುಟ್ಟು ಒಡೆಯಲು ಒಂದು ಮಾತು ಸಾಕಿತ್ತು. ಅದು ಸಾಬಿರಾಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ನಮ್ಮ ಕಡೆಯವರು, ಆಪಾ," ಎಂದಳು. "ನಾನು ನೋಡ್ಕೋತೀನಿ ಬಿಡಿ."

ತಟ್ಟೆ ಎತ್ತಿಕೊಂಡು, ಅವಳ ಮಣಿಕಟ್ಟು ಹಿಡಿದು, ಬೀರುವಿನ ಪಕ್ಕದ ಮೂಲೆಯಲ್ಲಿ ಗೋಡೆಗೊರಗಿಸಿ ಕೂರಿಸಿದಳು. ತಾನು ಎದುರಿಗೆ, ಕೋಣೆಗೆ ಬೆನ್ನು ಹಾಕಿ ಕೂತು, ದುಪ್ಪಟ್ಟಾವನ್ನು ಎರಡೂ ಭುಜದ ಮೇಲೆ ಅಗಲವಾಗಿ ಹರಡಿಕೊಂಡಳು.

"ತಿನ್ನಿ," ಎಂದಳು ತಗ್ಗಿದ ದನಿಯಲ್ಲಿ. "ನಾನು ನೋಡ್ತಾ ಕೂತಿರ್ತೀನಿ."

ಅಫ್ಶಾನ್ ಅವಳ ಭುಜದಾಚೆ ಕೋಣೆಯನ್ನೊಮ್ಮೆ ನೋಡಿದಳು. ಆಮೇಲೆ ಪರದೆ ಮೇಲಕ್ಕೆ ಸರಿಸಿ ತಟ್ಟೆಗೆ ಕೈಹಾಕಿದಳು. ಸಾಬಿರಾ ರೆಪ್ಪೆ ಮಿಟುಕಿಸದೆ ಆ ಮುಖವನ್ನು ನೋಡುತ್ತಿದ್ದಳು, ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಗದ್ದಕ್ಕೆ, ಒಂದೊಂದೇ ಕಲೆಯನ್ನು, ತನಗೆ ತಿಳಿಯದೆಯೇ ಉಸಿರು ಬಿಗಿಹಿಡಿದು.